ಮೊದಲು ಫ್ಯಾನ್ ಬಂದ್ ಮಾಡ್ರಿ, ಆಮೇಲೆ ಹಾಡು ಹಚ್ಚರಿ

ಹೊಸ ಸ್ಪೀಕರ್ ತಗೋ ಅಂತ ಗೆಳೆಯನೊಬ್ಬ ಗಂಟು ಬಿದ್ದಿದ್ದಾನೆ. ಇರೋದಕ್ಕೇನಾಗಿದೆ? ತೊಂದರೆ ಕೋಣೆಯದ್ದು ಅಂತ ನನ್ನ ವಾದ.

ನಮ್ಮದು ವಾಡಿ. ಮುಂಬೈ-ಚೆನ್ನೈ ಮಾರ್ಗಕ್ಕೆ ಸಿಕಂದರಾಬಾದ್ ಮಾರ್ಗ ಕೂಡೋ ಜಂಕ್ಷನ್ನು, ರಾತ್ರಿಯೆಲ್ಲಾ ಗೂಡ್ಸ್ ಗಾಡಿ. ಆದರೆ ಗಾಡಿ ಬಂದು ಹೋಗತ್ತೆ, ಎರಡು ನಿಮಿಷ ಕಾದರಾಯ್ತು. ಹೋಗದೇ ಇರೋದು ತಲೆ ಮೇಲಿನ ಫ್ಯಾನು! ಮಲ್ಲಿಕಾರ್ಜುನ ಮನ್ಸೂರರ ಹಿಂದಿನ ತಂಬೂರಿಯನ್ನ ಮೊದಲು ನುಂಗೋದೇ ಅದು. ಸೌಂಡ್ ಏರಿಸೋಣ ಅಂದ್ರೆ, ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದ್ರೆ ಸುಮಾರು 10 ಡೆಸಿಬೆಲ್ ಏರಬೇಕು, ಅಷ್ಟಕ್ಕೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು. ನೆಲದ ಶಹಾಬಾದ್ ಕಲ್ಲು ಅದನ್ನೆಲ್ಲ ವಾಪಸ್ ಎಸೆಯತ್ತೆ. ಪಕ್ಕದ ಮನೆಯವರ ನಿದ್ದೆಯೂ ಢಮಾರ್. (2000ದ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಮಿತಿ 45 ಡೆಸಿಬೆಲ್. ಯಾರು ಅಳೀತಾರೆ ಬಿಡಿ!)

ಮೊನ್ನೆ ಅವ್ವನ ಹಳೇ ಕೌದಿಗಳನ್ನ ನೆಲಕ್ಕೆ ಹಾಸಿದೆ. ಕಿಟಕಿ ಮುಚ್ಚಿ, ಫ್ಯಾನ್ ಬಂದ್ ಮಾಡಿದೆ. ಅದೂ ನಮ್ಮ ಕಡೆಯ ಬ್ಯಾಸಗಿಯಲ್ಲಿ... "ಸಾಯಿಸ್ತಿ ಏನಲೇ ನಮಗ?" ಅಂದ್ರು ಅಪ್ಪ. ಮೂವತ್ತು ವರ್ಷದಿಂದ ಅದೇ ಕ್ಯಾಸೆಟ್ ಕೇಳಿದವರು. ಐದು ನಿಮಿಷ ಸುಮ್ಮನೆ ಕೂತು, ಟವೆಲ್ಲಿಂದ ಬೆವರು ಒರೆಸ್ಕೋತ ಕೇಳಿದ್ರು:

"ಇದರಾಗ ತಂಬೂರಿ ಎರಡವ ಏನೋ?"