ದ್ವಾರಕೆಯ ಹೊತ್ತು, ದಿಗ್ಬೋಯಿಯ ಹೊತ್ತು

ಭಾರತದ ಪಶ್ಚಿಮದ ಅಂಚಿನಲ್ಲಿ ಗುಜರಾತಿನ ದ್ವಾರಕೆ, ಪೂರ್ವದ ಅಂಚಿನಲ್ಲಿ ಅಸ್ಸಾಮಿನ ದಿಗ್ಬೋಯಿ. ಎರಡೂ ಸಣ್ಣ ಊರುಗಳು. ಎರಡರ ಗೋಡೆ ಗಡಿಯಾರಗಳೂ ಒಂದೇ ವೇಳೆಯನ್ನು ತೋರಿಸುತ್ತವೆ. ಆದರೆ ಸೂರ್ಯ ಹೇಳುವ ವೇಳೆ ಬೇರೆ.

ಭೂಗೋಳದ ತರಗತಿಯಲ್ಲಿ ನಾವು ಕಲಿಸುತ್ತಿದ್ದ ಲೆಕ್ಕ ಸರಳ: ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ದ್ವಾರಕೆ ಸುಮಾರು 69 ಡಿಗ್ರಿ ಪೂರ್ವದಲ್ಲಿದೆ, ದಿಗ್ಬೋಯಿ 95.6 ಡಿಗ್ರಿಯಲ್ಲಿ. ಅಂತರ ಸುಮಾರು ಒಂದೂಮುಕ್ಕಾಲು ಗಂಟೆ. ಡಿಸೆಂಬರ್ ಕೊನೆಯಲ್ಲಿ ದಿಗ್ಬೋಯಿಯಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗಿದರೆ, ದ್ವಾರಕೆಯ ಕಡಲಿನಲ್ಲಿ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ.

ಊರಿನ ಸ್ವಭಾವವೂ ಇದಕ್ಕೆ ತಕ್ಕಂತೆ ರೂಪುಗೊಂಡಿದೆ. ದ್ವಾರಕೆಯ ದಿನ ದೇವಾಲಯದೊಡನೆ ನಡೆಯುತ್ತದೆ. ಚಳಿಗಾಲದ ಮಂಗಳಾರತಿಯ ಹೊತ್ತಿಗೆ ಅಲ್ಲಿ ಇನ್ನೂ ಕತ್ತಲೆ. ಮಧ್ಯಾಹ್ನ ಮುಚ್ಚಿದ ಬಾಗಿಲು ಸಂಜೆ ಮತ್ತೆ ತೆರೆಯುತ್ತದೆ. ಅಲ್ಲಿ ಗಡಿಯಾರಕ್ಕಿಂತ ದೇವರ ಸೇವೆಯ ಕ್ರಮವೇ ಮುಖ್ಯ. ದಿಗ್ಬೋಯಿಯದು ದುಡಿಮೆಯ ಊರು. 1901ರಲ್ಲಿ ಆರಂಭವಾದ ತೈಲ ಶುದ್ಧೀಕರಣಾಗಾರ ಇಂದಿಗೂ ಅಲ್ಲಿ ನಡೆಯುತ್ತಿದೆ. ಆ ಸೀಮೆಯ ತುಂಬ ಚಹಾ ತೋಟಗಳು. ಎಲೆ ಕೀಳುವ ಕೆಲಸಕ್ಕೆ ಹಗಲು ಬೇಕು. ಆದ್ದರಿಂದ ಬ್ರಿಟಿಷ್ ತೋಟಗಾರರ ಕಾಲದಿಂದಲೂ ಅಸ್ಸಾಮಿನ ತೋಟಗಳಲ್ಲಿ ಒಂದು ಗಂಟೆ ಮುಂದಿರುವ 'ಬಾಗಾನ್ ಟೈಮ್' ರೂಢಿಯಲ್ಲಿದೆ.

ಒಂದೇ ಹೊತ್ತು ದೇಶಕ್ಕೆ ಸುಲಭವಾಗಿ ಬಂದದ್ದೂ ಅಲ್ಲ. ಮಿರ್ಜಾಪುರದ ಸಮೀಪ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ಆಧರಿಸಿ 1906ರಲ್ಲಿ ಭಾರತೀಯ ಕಾಲಮಾನ ಜಾರಿಗೆ ಬಂದರೂ, ಕಲ್ಕತ್ತಾ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ಹೊತ್ತನ್ನು ಬಿಟ್ಟುಕೊಡಲಿಲ್ಲ. 2014ರಲ್ಲಿ ಅಸ್ಸಾಮಿನ ಅಂದಿನ ಮುಖ್ಯಮಂತ್ರಿ ತರುಣ್ ಗೊಗೊಯ್ ಅವರು ಬಾಗಾನ್ ಟೈಮನ್ನು ಇಡೀ ರಾಜ್ಯಕ್ಕೆ ತರುವ ಮಾತನಾಡಿದರು. ಪ್ರತ್ಯೇಕ ಕಾಲವಲಯ ಕೋರಿದ ಅರ್ಜಿಯನ್ನು 2017ರಲ್ಲಿ ಗೌಹಾಟಿ ಹೈಕೋರ್ಟ್ ತಳ್ಳಿಹಾಕಿತು. 2018ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಎರಡು ಕಾಲವಲಯಗಳ ಸಲಹೆಯನ್ನು ಮುಂದಿಟ್ಟರು. ದೇಶದ ಗಡಿಯಾರ ಮಾತ್ರ ಒಂದೇ ಆಗಿ ಉಳಿದಿದೆ.

ನನ್ನ ಅಭಿಪ್ರಾಯದಲ್ಲಿ ಗಡಿಯಾರವನ್ನು ಒಡೆಯಬೇಕಾಗಿಲ್ಲ. ರೈಲಿಗೆ, ವಿಮಾನಕ್ಕೆ, ಬ್ಯಾಂಕಿಗೆ ಒಂದೇ ಹೊತ್ತು ಇರಲಿ. ಬದಲಾಗಬೇಕಾದದ್ದು ಶಾಲೆಯ ಗಂಟೆ, ಕಚೇರಿಯ ಬಾಗಿಲು. ಇದು ನಮಗೆ ಹೊಸತೇ? ನಮ್ಮ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ನಡೆಯುವುದು ನಮ್ಮೆಲ್ಲರಿಗೂ ಗೊತ್ತು. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿಗಾಗಿ ಮಾಡಿಕೊಂಡ ಏರ್ಪಾಡನ್ನು ಬೆಳಕಿಗಾಗಿ ಮಾಡಿಕೊಳ್ಳಲು ಅಡ್ಡಿಯೇನು?

ಹತ್ತರಿಂದ ನಾಲ್ಕೂವರೆಯ ವೇಳಾಪಟ್ಟಿಯನ್ನು ದಿಗ್ಬೋಯಿಯ ಚಳಿಗಾಲಕ್ಕೆ ಅನ್ವಯಿಸಿದರೆ, ಕೊನೆಯ ಗಂಟೆ ಬಾರಿಸುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ; ಮಗುವಿಗೆ ಆಟದ ಬಯಲು ಸಿಗುವುದಿಲ್ಲ. ಅದೇ ಮಗು ಬೆಳಗಿನ ನಾಲ್ಕು ಗಂಟೆಗಳ ಬೆಳಕನ್ನು ಶಾಲೆಯ ಹೊರಗೇ ಕಳೆದಿರುತ್ತದೆ. ಇನ್ನು ದ್ವಾರಕೆಯಲ್ಲಿ ಚಳಿಗಾಲದ ಏಳು ಗಂಟೆಯ ತರಗತಿಯೆಂದರೆ ಕತ್ತಲಲ್ಲಿ ಹೊರಡುವುದೇ. ಮೂರು ದಶಕ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ: ತೂಕಡಿಸುವ ತರಗತಿಗೆ ಯಾವ ಪಠ್ಯಕ್ರಮವೂ ಮದ್ದಲ್ಲ. ವೇಳಾಪಟ್ಟಿಯನ್ನು ದೆಹಲಿಯ ಗಡಿಯಾರ ನೋಡಿ ಬರೆಯುವುದಕ್ಕಿಂತ, ಊರಿನ ಸೂರ್ಯನನ್ನು ನೋಡಿ ಬರೆಯುವುದೇ ಲೇಸು.