ರಂಗದ ನಡುವೆ ಕೇಳುವ ಪ್ರಶ್ನೆ

ಮೊನ್ನೆ ತರಗತಿಯಲ್ಲಿ ಪಂಪನ ಕರ್ಣನನ್ನು ಕುರಿತು ಪಾಠ ಹೇಳುತ್ತಿದ್ದೆ. ಶಸ್ತ್ರವಿದ್ಯೆಯ ಪ್ರದರ್ಶನಕ್ಕೆ ನೆರೆದ ಸಭೆ; ಅರ್ಜುನನಿಗೆ ಇದಿರಾಗಿ ನಿಂತ ಕರ್ಣ; ಎಲ್ಲರ ಮುಂದೆ ಅವನ ಕುಲವನ್ನೆತ್ತಿ ಹಳಿಯುವ ಹಿರಿಯರು. “ಬಿಲ್ಲನ್ನು ಬಗ್ಗಿಸುವುದು ತೋಳು, ಕುಲವಲ್ಲ. ರಂಗದಲ್ಲಿ ನಿಂತವನ ಹುಟ್ಟನ್ನು ಕೇಳುವುದು ಅನ್ಯಾಯ” ಎಂದು ತುಸು ಆವೇಶದಿಂದಲೇ ನುಡಿದು ಪುಸ್ತಕವನ್ನು ಮುಚ್ಚಿದೆ.

ಬಾಗಿಲ ಬಳಿ ಒಬ್ಬ ವಿದ್ಯಾರ್ಥಿನಿ ಕಾದು ನಿಂತಿದ್ದಳು. ಕಾಲೇಜಿನ ಓಟದ ಪಂದ್ಯಗಳಲ್ಲಿ ಬಹುಮಾನ ಪಡೆಯುವ ಹುಡುಗಿ. “ಸಾರ್, ಗಂಡಾಗಿ ಬೆಳೆದು ಆಮೇಲೆ ಹೆಣ್ಣಾದವರು ನಮ್ಮೊಡನೆ ಓಡಲು ಬಂದರೆ, ಆಗಲೂ ನಾವು ಏನನ್ನೂ ಕೇಳಬಾರದೇ?” ಎಂದಳು.

“ನಾಳೆ ಹೇಳುತ್ತೇನಮ್ಮ” ಎಂದು ತಪ್ಪಿಸಿಕೊಂಡೆ. ಅಧ್ಯಾಪಕರ ಬತ್ತಳಿಕೆಯಲ್ಲಿ ಈ ಬಾಣ ಸದಾ ಇರುತ್ತದೆ. ಆದರೆ ಆ ರಾತ್ರಿ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪ್ರಶ್ನೆ ಹೊಸದೇನೂ ಅಲ್ಲ. ನ್ಯೂಯಾರ್ಕಿನ ನೇತ್ರವೈದ್ಯೆ ರೆನೀ ರಿಚರ್ಡ್ಸ್ ಪುರುಷನಾಗಿ ಬೆಳೆದು, ಒಳ್ಳೆಯ ಟೆನಿಸ್ ಆಟಗಾರನೆನಿಸಿ, 1975ರಲ್ಲಿ ಶಸ್ತ್ರಚಿಕಿತ್ಸೆಯಿಂದ ಮಹಿಳೆಯಾದವರು. ಮಹಿಳೆಯರ ಪಂದ್ಯಕ್ಕೆ ಬರಬೇಕಾದರೆ ವರ್ಣತಂತುಗಳ ಪರೀಕ್ಷೆ ಆಗಬೇಕೆಂದು ಅಮೆರಿಕದ ಟೆನಿಸ್ ಸಂಸ್ಥೆ ಪಟ್ಟು ಹಿಡಿಯಿತು. ಆಕೆ ನ್ಯಾಯಾಲಯಕ್ಕೆ ಹೋದರು, 1977ರಲ್ಲಿ ಗೆದ್ದರು. ಅದೇ ವರ್ಷದ ಯು.ಎಸ್. ಓಪನ್ ಪಂದ್ಯದಲ್ಲಿ ಆಡಿ, ಮೊದಲನೆಯ ಸುತ್ತಿನಲ್ಲಿಯೇ ವರ್ಜೀನಿಯಾ ವೇಡ್ ಅವರಿಗೆ ಸೋತರು. ಭಯಪಟ್ಟವರ ಭಯ ಸುಳ್ಳಾಯಿತೆಂದು ಹೇಳಬಹುದೇ? ಆಗ ಆಕೆಗೆ 43 ವರ್ಷ. ತಾನು ಇಪ್ಪತ್ತರ ಹರೆಯದಲ್ಲಿ ಹೀಗೆ ಆಡಿದ್ದರೆ ಎದುರಾಳಿಗಳಿಗೆ ಗೆಲುವಿನ ಆಸೆಯೇ ಇರುತ್ತಿರಲಿಲ್ಲವೆಂಬ ಅರ್ಥದ ಮಾತನ್ನು ಮುಂದೆ ಆಕೆಯೇ ಆಡಿದರು. ತನ್ನ ಗೆಲುವನ್ನೇ ತೂಗಿ ನೋಡಬಲ್ಲ ಇಂಥ ಪ್ರಾಮಾಣಿಕತೆ ಅಪರೂಪವಾದದ್ದು.

ಇಲ್ಲಿ ನನ್ನ ಕರ್ಣನ ಹೋಲಿಕೆ ಮುರಿದುಬೀಳುತ್ತದೆ. ಕುಲ ಬಿಲ್ಲನ್ನು ಬಗ್ಗಿಸುವುದಿಲ್ಲ, ನಿಜ. ಆದರೆ ಹರೆಯದಲ್ಲಿ ಗಂಡಿನ ಮೈಯಲ್ಲಿ ಉಕ್ಕುವ ಟೆಸ್ಟೋಸ್ಟಿರೋನ್ ಎಂಬ ರಸ ಎಲುಬನ್ನು ಉದ್ದವಾಗಿಸುತ್ತದೆ, ಸ್ನಾಯುವನ್ನು ಬಲಿಸುತ್ತದೆ. ನೂರು ಮೀಟರ್ ಓಟದಲ್ಲಿ ಪುರುಷರ ವಿಶ್ವದಾಖಲೆ 2009ರ ಉಸೇನ್ ಬೋಲ್ಟನ 9.58 ಸೆಕೆಂಡು, ಮಹಿಳೆಯರದು 1988ರ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರಳ 10.49. ಮಹಿಳೆಯರಿಗೆಂದು ಬೇರೆ ಪಂದ್ಯ ಹುಟ್ಟಿದ್ದು ಈ ಅಂತರದಿಂದಲೇ. ಔಷಧದಿಂದ ಆ ರಸವನ್ನು ತಗ್ಗಿಸಿದರೆ ಕೆಲವೇ ತಿಂಗಳಲ್ಲಿ ರಕ್ತದ ಹಿಮೋಗ್ಲೋಬಿನ್ ಇಳಿಯುತ್ತದೆ. ಸ್ನಾಯುಬಲ ನಿಧಾನವಾಗಿ, ಸ್ವಲ್ಪವೇ ಕುಗ್ಗುತ್ತದೆ. ಬೆಳೆದ ಎತ್ತರ ಮಾತ್ರ ಕುಗ್ಗುವುದಿಲ್ಲ. ಗಂಡಿನ ಹರೆಯವನ್ನು ದಾಟಿ ಬಂದ ಪರಿವರ್ತಿತ ಮಹಿಳೆಯರಿಗೆ 2022ರಲ್ಲಿ ಅಂತರರಾಷ್ಟ್ರೀಯ ಈಜು ಸಂಸ್ಥೆಯೂ 2023ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೂ ಮಹಿಳಾ ವಿಭಾಗದ ಬಾಗಿಲನ್ನು ಮುಚ್ಚಿದ್ದು ಈ ಕಾರಣದಿಂದ. ಇದನ್ನು ಬರಿಯ ದ್ವೇಷವೆಂದು ತಳ್ಳಿಹಾಕಲಾರೆವು.

ಹಾಗೆಂದು ಕೇಳುವವರೆಲ್ಲ ನ್ಯಾಯವಂತರೆಂದೂ ಅಲ್ಲ. ಶಾಂತಿ ಸೌಂದರರಾಜನ್ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಬಡ ಕೂಲಿಕಾರರ ಮಗಳು. 2006ರ ದೋಹಾ ಏಷ್ಯನ್ ಕ್ರೀಡೆಗಳಲ್ಲಿ 800 ಮೀಟರ್ ಓಟದಲ್ಲಿ ಬೆಳ್ಳಿಯ ಪದಕ ಗೆದ್ದಳು. ಆಮೇಲೆ ಲಿಂಗಪರೀಕ್ಷೆ ಮಾಡಿಸಿ ಪದಕವನ್ನು ಕಿತ್ತುಕೊಂಡರು. ಅವಳ ಮೈಯ ಗುಟ್ಟು ಪತ್ರಿಕೆಗಳಲ್ಲಿ ಬಯಲಾಯಿತು. ಅವಳು ಪರಿವರ್ತಿತೆಯೂ ಅಲ್ಲ, ಮೋಸ ಮಾಡಿದವಳೂ ಅಲ್ಲ. ಹುಟ್ಟಿದಂದಿನಿಂದ ಹೆಣ್ಣಾಗಿಯೇ ಬೆಳೆದವಳು. ಪ್ರಕೃತಿ ಅವಳ ದೇಹದಲ್ಲಿ ಇರಿಸಿದ ವ್ಯತ್ಯಾಸ ಅವಳಿಗೇ ತಿಳಿದಿರಲಿಲ್ಲ. ಇಂಥದೇ ಕಾರಣಕ್ಕೆ 2014ರಲ್ಲಿ ತಂಡದಿಂದ ಹೊರಬಿದ್ದ ಒಡಿಶಾದ ದ್ಯುತಿ ಚಂದ್ ಕ್ರೀಡಾ ನ್ಯಾಯಮಂಡಳಿಗೆ ಮೊರೆಯಿಟ್ಟಳು. 2015ರಲ್ಲಿ ಆ ನಿಯಮಕ್ಕೆ ತಡೆ ಬಿತ್ತು; 2018ರ ಏಷ್ಯನ್ ಕ್ರೀಡೆಗಳಲ್ಲಿ ಅವಳು ಎರಡು ಬೆಳ್ಳಿಯ ಪದಕಗಳನ್ನು ತಂದಳು. ಶಾಂತಿಗೆ ಅಂಥ ಆಸರೆ ಸಿಕ್ಕಲಿಲ್ಲ. ಬೇಲಿ ಬೇಕೆನ್ನುವವರು ಬೇಲಿಯ ಮುಳ್ಳು ಯಾರ ಮೈಗೆ ಚುಚ್ಚುತ್ತದೆಂಬುದನ್ನೂ ನೋಡಬೇಕಲ್ಲವೆ?

2025ರ ಸೆಪ್ಟೆಂಬರಿನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ಓಟಗಾರರಿಗೆಲ್ಲ ಜೀವಮಾನದಲ್ಲಿ ಒಮ್ಮೆ ವಂಶವಾಹಿಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಎಲ್ಲರಿಗೂ ಒಂದೇ ನಿಯಮ, ಅದೂ ಪಂದ್ಯಕ್ಕೆ ಮೊದಲೇ ಎಂಬುದು ಮೆಚ್ಚತಕ್ಕದ್ದೇ. ಆದರೆ ಶಾಂತಿಯಂಥ ಹುಡುಗಿಗೆ ಆ ಫಲಿತಾಂಶವನ್ನು ತಿಳಿಸುವವರು ಯಾರು? ಅವಳ ಕಣ್ಣೊರೆಸುವವರು ಯಾರು? ಗುಟ್ಟನ್ನು ಕಾಯುವವರು ಯಾರು?

ಮಾರನೆಯ ದಿನ ಆ ಹುಡುಗಿಯನ್ನು ಕರೆದು ಹೇಳಿದೆ: “ನೋಡಮ್ಮ, ಪದಕ ಪಣವಾಗಿರುವ ದೊಡ್ಡ ಪಂದ್ಯದಲ್ಲಿ ಕೇಳಬಹುದು. ಕೇಳುವುದು ನಿನ್ನ ಹಕ್ಕು. ಆದರೆ ಮೈಯ ಬಲಕ್ಕೆ ಸಂಬಂಧಿಸಿದ್ದನ್ನು ಮಾತ್ರ ಕೇಳಬೇಕು. ಓಟಕ್ಕೆ ಮೊದಲು ಕೇಳಬೇಕು. ವೈದ್ಯರು ನಾಲ್ಕು ಗೋಡೆಗಳೊಳಗೆ ಕೇಳಬೇಕು. ಗೆದ್ದ ಮೇಲೆ ತುಂಬಿದ ಸಭೆಯಲ್ಲಿ ಕೇಳಿದರೆ ಅದು ಕರ್ಣನಿಗೆ ಆದದ್ದೇ. ನಮ್ಮ ಕಾಲೇಜಿನ ಮೈದಾನದಲ್ಲಂತೂ ಆಡಬಂದವರನ್ನು ಆಡಲು ಬಿಡೋಣ.”

ಅವಳು ತಲೆದೂಗಿದಳು. ಎರಡು ಹೆಜ್ಜೆ ಹೋಗಿ ಹಿಂತಿರುಗಿದಳು. “ಹಾಗಾದರೆ ಆ ದೊಡ್ಡ ಪಂದ್ಯದಲ್ಲಿ ಅವರು ಎಲ್ಲಿ ಓಡಬೇಕು ಸಾರ್?”

ಈಜು ಸಂಸ್ಥೆಯವರು 2023ರಲ್ಲಿ ಬರ್ಲಿನ್ ನಗರದ ಪಂದ್ಯದಲ್ಲಿ ಎಲ್ಲರಿಗೂ ತೆರೆದ ಒಂದು ಹೊಸ ವಿಭಾಗವನ್ನು ಏರ್ಪಡಿಸಿದ್ದರು. ಒಬ್ಬರೂ ಹೆಸರು ಕೊಡಲಿಲ್ಲ. ಬೇರೆಯಾಗಿ ಹಾಕಿದ ಎಲೆಗೆ ಯಾರು ತಾನೇ ಸಂತೋಷದಿಂದ ಕೂರುತ್ತಾರೆ? ಅದನ್ನು ಅವಳಿಗೆ ಹೇಳಿದೆ, ಉತ್ತರವೆಂದು ಹೇಳಲಿಲ್ಲ. ಈ ಸಲ “ನಾಳೆ ಹೇಳುತ್ತೇನೆ” ಎನ್ನಲೂ ನನಗೆ ಬಾಯಿ ಬರಲಿಲ್ಲ.