ಬೇಡದ ಕೂದಲು: ಯಾರಿಗೆ ಬೇಡದ್ದು?

ಪೆಂಡುರ್ತಿಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಕಥೆಯನ್ನೋ ಪ್ರಬಂಧವನ್ನೋ ಓದಿ ಮಾತಾಡುವುದುಂಟು. ಗಂಡನ ನೌಕರಿ, ನಮ್ಮದೇ ನೌಕರಿ, ಮಕ್ಕಳ ಓದು, ಹೀಗೆ ಒಂದೊಂದು ಕಾರಣಕ್ಕೆ ವಿಶಾಖಪಟ್ಟಣದ ಈ ಅಂಚಿಗೆ ಬಂದು ಸೇರಿದವರು. ಕಳೆದ ಬೇಸಗೆಯ ಕೂಟಕ್ಕೆ ನಮ್ಮ ಹಿರಿಯ ಗೆಳತಿಯೊಬ್ಬರು ಸೆರಗಿನಿಂದ ಅರ್ಧ ಮುಖ ಮರೆಸಿಕೊಂಡು ಬಂದರು. ಕಾಫಿಯ ಲೋಟ ತೆಗೆದುಕೊಳ್ಳಲು ಸೆರಗು ಬಿಟ್ಟಾಗ ಮೇಲ್ದುಟಿಯಿಂದ ಗದ್ದದವರೆಗೆ ಚರ್ಮ ಕೆಂಪಗೆ ಸುಲಿದಿತ್ತು, ಅದರ ಮೇಲೆ ಸಾಸಿವೆಯಂಥ ಗುಳ್ಳೆಗಳು. "ಏನಾಯಿತಕ್ಕಾ?" ಎಂದು ಕೇಳಿದೆವು. "ಸೆಕೆ ಕಣ್ರೇ, ಈ ಊರಿನ ಸೆಕೆ" ಎಂದರು. ಸೆಕೆಯಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಂದು ಓದಬೇಕಿದ್ದ ಕಥೆ ಹಾಗೆಯೇ ಉಳಿಯಿತು.

ನಿಜ ಸಂಗತಿ ನಿಧಾನವಾಗಿ ಹೊರಬಂತು. ಮಗಳ ಮದುವೆಯ ಮಾತುಕತೆಗೆ ಬೀಗರಾಗುವವರು ಬರುವವರಿದ್ದರು. ಮುನ್ನಾದಿನ ಪಾರ್ಲರಿಗೆ ಹೋಗಿ ತುಟಿ, ಗದ್ದಕ್ಕೆ ಥ್ರೆಡಿಂಗ್ ಮಾಡಿಸಿದರು. ಉಳಿದದ್ದು ಕಾಣದಿರಲೆಂದು ಅದೇ ಸಂಜೆ ಮನೆಯಲ್ಲಿ ಬ್ಲೀಚ್ ಹಚ್ಚಿದರು. ರಾತ್ರಿಯೆಲ್ಲ ಉರಿ. ಬೆಳಿಗ್ಗೆ ಔಷಧದ ಅಂಗಡಿಗೆ ಹೋದಾಗ ಅವರ ಬಾಯಿಗೆ ಬಂದ ತೆಲುಗು ಪದ ಒಂದೇ: ಮಂಟ. ಏತಕ್ಕೆ ಉರಿ, ಏನು ಹಚ್ಚಿದ್ದಿರಿ ಎಂದು ಅಂಗಡಿಯಾತ ಕೇಳಲಿಲ್ಲ. ಕೇಳಿದ್ದರೂ ಇವರು ಹೇಳುತ್ತಿರಲಿಲ್ಲ. ಅವನು ಕೊಟ್ಟ ಸಣ್ಣ ಟ್ಯೂಬು ಎರಡೇ ದಿನದಲ್ಲಿ ಕೆಂಪನ್ನು ಇಳಿಸಿತು. ಅಲ್ಲಿಂದ ಮುಂದೆ ಪ್ರತಿ ಥ್ರೆಡಿಂಗಿನ ಮರುದಿನ ಅದೇ ಟ್ಯೂಬು. ಹೀಗೆ ಎಂಟು ತಿಂಗಳು. ಒಮ್ಮೆ ಹಚ್ಚುವುದನ್ನು ನಿಲ್ಲಿಸಿದಾಗ ಮುಖವೆಲ್ಲ ಬೆಂಕಿಯಾಯಿತು. ಅದಕ್ಕಿಂತ ಅವರನ್ನು ಕಂಗೆಡಿಸಿದ್ದು, ಮೊದಲು ತುಟಿಯ ಮೇಲಷ್ಟೇ ಇದ್ದ ಕೂದಲು ಈಗ ಕೆನ್ನೆಗೂ ಹಬ್ಬಿದ್ದು.

ಆ ಟ್ಯೂಬಿನಲ್ಲಿದ್ದುದು ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್. ಸರಿಯಾದ ರೋಗಕ್ಕೆ, ಸರಿಯಾದ ಅವಧಿಗೆ, ವೈದ್ಯರ ಕಣ್ಣೆದುರು ಬಳಸಿದರೆ ಒಳ್ಳೆಯ ಔಷಧವೇ. ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತವನ್ನು ಬೇಗ ಇಳಿಸುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಮಾತ್ರ ಚರ್ಮ ತೆಳುವಾಗುತ್ತದೆ, ಕೆಂಪು ನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ನಿಲ್ಲಿಸಿದೊಡನೆ ಉರಿ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಕೆಲವರಲ್ಲಿ ಹಚ್ಚಿದ ಜಾಗದಲ್ಲಿ ಕೂದಲೂ ಬೆಳೆಯುತ್ತದೆ. ಕೂದಲು ಮರೆಸಲು ಹೋಗಿ ಚರ್ಮ ಸುಟ್ಟುಕೊಂಡು, ಸುಟ್ಟದ್ದನ್ನು ಮರೆಸಲು ಹೋಗಿ ಕೂದಲು ಬೆಳೆಸಿಕೊಂಡ ಹಾಗಾಯಿತು. ಇದು ನಮ್ಮ ಗೆಳತಿಯೊಬ್ಬರ ಕಥೆಯಲ್ಲ. ಭಾರತದ ಚರ್ಮವೈದ್ಯರು ಇದಕ್ಕೆ 'ಸ್ಟೀರಾಯ್ಡಿನಿಂದ ಹಾಳಾದ ಮುಖ' ಎಂಬರ್ಥದ ಹೆಸರನ್ನೇ ಇಟ್ಟು, ಇದರ ವಿರುದ್ಧ ಕಾರ್ಯಪಡೆ ಕಟ್ಟಿಕೊಂಡು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮವನ್ನೂ ಮಾಡಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಕೇಳಿದ ಕೈಗೆ ಸಿಗುತ್ತಲೇ ಇದೆ.

ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೆ: ಹೆಣ್ಣಿನ ಮುಖದ ಕೂದಲು ಚರ್ಮಕ್ಕೆ ಯಾವ ಕೇಡನ್ನೂ ಮಾಡುವುದಿಲ್ಲ. ಕೇಡು ಮಾಡುವುದು ಅದನ್ನು ಗುಟ್ಟಾಗಿ, ಅವಸರದಲ್ಲಿ, ಯಾರನ್ನೂ ಕೇಳದೆ ಅಡಗಿಸುವ ಕ್ರಮ. ಅಂದು ಒಬ್ಬರು ಬಾಯಿ ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಒಬ್ಬರು ಇಪ್ಪತ್ತು ವರ್ಷದಿಂದ ಮನೆಯವರೆಲ್ಲ ಏಳುವ ಮೊದಲೇ ಬಚ್ಚಲಿನ ಚಿಲಕ ಹಾಕಿಕೊಂಡು ಗದ್ದ ಬೋಳಿಸಿಕೊಳ್ಳುತ್ತಾರೆ. ಗಂಡನಿಗೆ ಇಂದಿಗೂ ತಿಳಿಯದು. ಇನ್ನೊಬ್ಬರು ಸಕ್ಕರೆ ಪಾಕಕ್ಕೆ ನಿಂಬೆರಸ ಬೆರೆಸಿ ಎಳೆದು ತುಟಿಯ ಮೇಲೆ ಕಪ್ಪು ಕಲೆ ಮಾಡಿಕೊಂಡಿದ್ದಾರೆ. ಮತ್ತೊಬ್ಬರು ಚಿಮುಟದಿಂದ ಕಿತ್ತು ಕಿತ್ತು ಒಳಗೇ ಸುರುಳಿಯಾದ ಕೂದಲಿನಿಂದ ಕೀವುಗುಳ್ಳೆ ತಂದುಕೊಂಡವರು. ಹತ್ತಾರು ವರ್ಷದ ಗೆಳೆತನ ನಮ್ಮದು. ಹೆರಿಗೆ, ಮುಟ್ಟು, ಅತ್ತೆಯ ಕೋಪ ಎಲ್ಲವನ್ನೂ ಹಂಚಿಕೊಂಡಿದ್ದೇವೆ. ಇದೊಂದು ಮಾತ್ರ ಉಳಿದಿತ್ತು.

ಅಷ್ಟು ಅಪರೂಪದ ಸಂಗತಿಯೇ ಇದು? ಅಲ್ಲ. ಪುರುಷ ಹಾರ್ಮೋನುಗಳೆಂದು ಕರೆಯುವ ಆಂಡ್ರೋಜೆನ್‌ಗಳು ಎಲ್ಲ ಹೆಂಗಸರ ದೇಹದಲ್ಲೂ ಅಲ್ಪ ಪ್ರಮಾಣದಲ್ಲಿರುತ್ತವೆ. ಅವು ಹೆಚ್ಚಾದಾಗ, ಅಥವಾ ಕೂದಲಿನ ಬೇರು ಅವಕ್ಕೆ ಹೆಚ್ಚು ಸ್ಪಂದಿಸಿದಾಗ, ನವಿರಾದ ರೋಮ ಕಪ್ಪಾಗಿ ಗಡುಸಾಗುತ್ತದೆ. ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಐದರಿಂದ ಹತ್ತು ಮಂದಿಗೆ ಇದು ಇರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಮುಟ್ಟು ನಿಂತ ಮೇಲೆ ಗದ್ದದಲ್ಲಿ ನಾಲ್ಕು ಗಡುಸು ಕೂದಲು ಬರುವುದಂತೂ ಅಜ್ಜಿಯರೆಲ್ಲ ಬಲ್ಲ ಸಂಗತಿ. ಹೆಚ್ಚಿನವರಲ್ಲಿ ಕಾರಣ ಪಿಸಿಓಎಸ್. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವರ್ಣಿಸಿದ ಸ್ಥಿತಿ ಇದು. ಕೆಲವರಲ್ಲಿ ಮುಟ್ಟೂ ಸರಿ, ಹಾರ್ಮೋನೂ ಸರಿ; ಕೂದಲು ಮಾತ್ರ ಮನೆತನದ ಬಳುವಳಿ.

ನಮ್ಮ ಪರಂಪರೆ ಈ ವಿಷಯದಲ್ಲಿ ಎರಡು ನಾಲಿಗೆಯದು. ಹಳಗನ್ನಡದಲ್ಲಿ 'ಬಾಸೆ' ಎಂಬ ಚೆಲುವಾದ ಪದವಿದೆ. ಹೆಣ್ಣಿನ ಹೊಕ್ಕುಳಿನಿಂದ ಮೇಲಕ್ಕೆ ಏರುವ ರೋಮದ ಗೆರೆ ಅದು, ಸಂಸ್ಕೃತದ ರೋಮರಾಜಿ. ಕಾವ್ಯಗಳ ನಾಯಕಿಯ ವರ್ಣನೆಯಲ್ಲಿ ಈ ಗೆರೆಗೆ ತಪ್ಪದ ಸ್ಥಾನವುಂಟು. ಅದೇ ರೋಮ ಒಂದು ಮೊಳ ಮೇಲೇರಿ ತುಟಿಯ ಮೇಲೆ ಕಾಣಿಸಿಕೊಂಡರೆ ಕವಿ ಮೌನಿ. ಮನುಸ್ಮೃತಿಯ ಮೂರನೆಯ ಅಧ್ಯಾಯ ವರಿಸಬಾರದ ಕನ್ಯೆಯರ ಪಟ್ಟಿಯಲ್ಲಿ ರೋಮವೇ ಇಲ್ಲದವಳನ್ನೂ ರೋಮ ಹೆಚ್ಚಿರುವವಳನ್ನೂ ಒಟ್ಟಿಗೆ ಸೇರಿಸಿದೆ. ಎಷ್ಟಿದ್ದರೆ ಸರಿ ಎಂಬುದನ್ನು ನೋಡಲು ಬಂದವರು ತೀರ್ಮಾನಿಸಬೇಕು! ನಮ್ಮ ಗೆಳತಿ ಬೀಗರ ಎದುರು ಅಂಜಿದ್ದು ಈ ಹಳೆಯ ಪಟ್ಟಿಗೇ. ನೋಡಲು ಬರುತ್ತಿದ್ದುದು ಮಗಳನ್ನು. ತಾಯಿಯ ತುಟಿ ನೋಡಿ ಮಗಳ ನಾಳೆಯನ್ನು ಎಣಿಸುತ್ತಾರೆಂಬ ಭಯ ತಾಯಿಗೆ.

ಈ ಭಯವನ್ನು ಮಾರುಕಟ್ಟೆ ಚೆನ್ನಾಗಿ ಬಲ್ಲದು. 1920ರ ದಶಕದ ಅಮೆರಿಕದಲ್ಲಿ 'ಟ್ರೈಕೋ' ಎಂಬ ಹೆಸರಿನ ಯಂತ್ರಗಳಿಂದ ಹೆಂಗಸರ ಮುಖಕ್ಕೆ ಕ್ಷಕಿರಣ ಹಾಯಿಸಿ ಕೂದಲು ಉದುರಿಸುತ್ತಿದ್ದರು. ವರ್ಷಗಳ ಮೇಲೆ ಅವರಲ್ಲಿ ಅನೇಕರಿಗೆ ಚರ್ಮ ಸುಕ್ಕಿ ಹುಣ್ಣಾಯಿತು, ಕ್ಯಾನ್ಸರ್ ಬಂತು. 1930ರ ದಶಕದ ಆರಂಭದಲ್ಲಿ 'ಕೊರೆಮ್ಲು' ಎಂಬ ಮುಲಾಮು ಬಂತು. ಅದರಲ್ಲಿದ್ದುದು ಇಲಿಪಾಷಾಣಕ್ಕೆ ಬಳಸುತ್ತಿದ್ದ ಥಾಲಿಯಂ. ಹಚ್ಚಿಕೊಂಡವರಿಗೆ ತಲೆಗೂದಲೂ ಉದುರಿ ಕೈಕಾಲು ಸ್ವಾಧೀನ ತಪ್ಪಿತು. ಇನ್ನೊಂದು ಕಥೆ ಇದಕ್ಕಿಂತ ವಿಚಿತ್ರ. ಎಫ್ಲಾರ್ನಿಥೀನ್ ಎಂಬ ಔಷಧ ಆಫ್ರಿಕದ ನಿದ್ರಾರೋಗಕ್ಕೆ ಸಂಜೀವಿನಿಯಂತಿತ್ತು. ರೋಗಿಗಳು ಬಡವರಾದ್ದರಿಂದ ಲಾಭವಿಲ್ಲವೆಂದು 1990ರ ದಶಕದಲ್ಲಿ ಅದರ ತಯಾರಿ ನಿಂತಿತು. ಮುಖದ ಕೂದಲಿನ ಬೆಳವಣಿಗೆಯನ್ನು ಅದು ತಗ್ಗಿಸುತ್ತದೆಂದು ತಿಳಿದು 2000ದಲ್ಲಿ ಅಮೆರಿಕದಲ್ಲಿ ಮುಲಾಮಾಗಿ ಅನುಮತಿ ಸಿಕ್ಕಿದ ಮೇಲೆ ಅದಕ್ಕೆ ಮತ್ತೆ ಬೆಲೆ ಬಂತು; 2001ರ ಒಪ್ಪಂದವೊಂದರಿಂದ ನಿದ್ರಾರೋಗಿಗಳಿಗೂ ಔಷಧ ಮತ್ತೆ ಸಿಗುವಂತಾಯಿತು. ಜೀವ ಉಳಿಸುವ ಮದ್ದಿಗಿಂತ ಮೀಸೆ ಮರೆಸುವ ಮದ್ದಿಗೆ ಗಿರಾಕಿ ಹೆಚ್ಚೆಂದರೆ, ಈ ನಾಚಿಕೆಯ ತೂಕ ಎಷ್ಟೆಂದು ಲೆಕ್ಕ ಹಾಕಬಹುದು.

ದೂರದ ಮಾತೇಕೆ? 2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಇಡೀ ರಾಜ್ಯಕ್ಕೆ ಮೊದಲಿಗಳಾದಳು. ಪತ್ರಿಕೆಯಲ್ಲಿ ಅವಳ ಚಿತ್ರ ಬಂದಾಗ ಜನ ಅಂಕ ನೋಡಲಿಲ್ಲ, ತುಟಿಯ ಮೇಲಿನ ರೋಮ ನೋಡಿ ನಕ್ಕರು. ಕ್ಷೌರಸಾಮಗ್ರಿಯ ಕಂಪನಿಯೊಂದು ಅವಳ ಪರ ಮಾತಾಡುವಂತೆ ಜಾಹೀರಾತು ಕೊಟ್ಟು ತನ್ನ ಹೆಸರನ್ನೂ ಮೆರೆಯಿತು. ಆ ಮಗುವಿನ ಜಾಗದಲ್ಲಿ ನಮ್ಮ ಮನೆಯ ಹುಡುಗಿಯರನ್ನು ಇಟ್ಟು ನೋಡಿದರೆ ಎದೆ ನಡುಗುತ್ತದೆ.

ಹಾಗಾದರೆ ಕೂದಲು ತೆಗೆಯಲೇಬಾರದೆ? ನಾವು ಹಾಗೆನ್ನುವವರಲ್ಲ. ನಮ್ಮಲ್ಲೇ ಹೆಚ್ಚಿನವರು ತೆಗೆಯುತ್ತೇವೆ, ನಾಳೆಯೂ ತೆಗೆಯುತ್ತೇವೆ. 'ಇದ್ದ ಹಾಗೇ ಇರಿ, ಅದೇ ಸೌಂದರ್ಯ' ಎಂಬ ಉಪದೇಶ ಹೇಳುವವರಿಗೆ ಸುಲಭ. ಬಸ್ಸಿನಲ್ಲಿ, ಕಚೇರಿಯಲ್ಲಿ, ಮದುವೆಮನೆಯಲ್ಲಿ ನೋಟ ತಾಳುವವಳಿಗೆ ಸುಲಭವಲ್ಲ. ಇಡುವುದೂ ತೆಗೆಯುವುದೂ ಅವಳ ಇಷ್ಟ. ನಮ್ಮ ತಕರಾರು ಭಯದಿಂದ ತೆಗೆಯುವುದರ ಬಗ್ಗೆ. ಭಯದಲ್ಲಿರುವವಳು ಪ್ರಶ್ನೆ ಕೇಳುವುದಿಲ್ಲ.

ಕೇಳಿ ತಿಳಿದುಕೊಂಡ ಕೆಲವನ್ನು ಇಲ್ಲಿ ಹೇಳುತ್ತೇವೆ. ಬೋಳಿಸಿದರೆ ಕೂದಲು ದಪ್ಪವಾಗುತ್ತದೆಂಬುದು ಸುಳ್ಳು. ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾಶಾಸ್ತ್ರಜ್ಞೆ 1928ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಗಡುಸೆನಿಸುತ್ತದೆ, ಅಷ್ಟೆ. ಸೂಕ್ಷ್ಮ ಚರ್ಮದವರಿಗೆ ನೊರೆ ಹಚ್ಚಿ ಶುಭ್ರವಾದ ಬ್ಲೇಡಿನಿಂದ ಕೂದಲು ಮಲಗಿದ ದಿಕ್ಕಿಗೆ ತೆಗೆಯುವುದು ಎಷ್ಟೋ ವಾಸಿ. ಥ್ರೆಡಿಂಗ್ ಮಾಡಿಸಿದ ದಿನ ಬ್ಲೀಚ್, ನಿಂಬೆರಸ, ಸುಗಂಧದ ಕ್ರೀಮು ಬೇಡ. ತಣ್ಣೀರಿನ ಬಟ್ಟೆ, ತೆಳುವಾಗಿ ವ್ಯಾಸಲೀನ್ ಸಾಕು. ಹೊಸದೇನನ್ನು ಹಚ್ಚುವುದಿದ್ದರೂ ಎರಡು ದಿನ ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ನೋಡಬೇಕು. ಲೇಸರ್ ಕೆಲಸ ಮಾಡುವುದು ಕೂದಲಿನ ಕಪ್ಪು ಬಣ್ಣದ ಮೇಲೆ. ಆದ್ದರಿಂದ ನರೆಗೂದಲಿಗೆ ಅದು ನಾಟದು; ನಮ್ಮಂಥ ಕಂದುಬಣ್ಣದ ಚರ್ಮಕ್ಕೆ ತಕ್ಕ ಯಂತ್ರ, ಅನುಭವವುಳ್ಳ ಕೈ ಬೇಕು, ಹಲವು ಸಲ ಹೋಗಬೇಕು. ಮುಟ್ಟು ಏರುಪೇರಾಗಿದ್ದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಬೇಕು. ಕೊಟ್ಟ ಮಾತ್ರೆಯ ಫಲ ಕಾಣಲು ಆರು ತಿಂಗಳಾದರೂ ಬೇಕು. ಕೂದಲು ಥಟ್ಟನೆ ಹೆಚ್ಚಿ ದನಿಯೂ ಒರಟಾದರೆ ತಡಮಾಡಬಾರದು. ಸ್ಟೀರಾಯ್ಡ್ ಹಚ್ಚುತ್ತಿರುವವರು ನಿಲ್ಲಿಸುವ ಕ್ರಮವನ್ನೂ ಚರ್ಮವೈದ್ಯರಿಂದಲೇ ಕೇಳಬೇಕು.

ಹೊರನಾಡಿನ ನಮಗೆ ಇನ್ನೊಂದು ತೊಡಕುಂಟು. ತರಕಾರಿ ಕೊಳ್ಳುವ ತೆಲುಗು ಬೇರೆ, ಮೈಯ ನೋವು ಹೇಳುವ ತೆಲುಗು ಬೇರೆ. ಮಂಟ ಎಂದರೆ ಉರಿ, ದುರದ ಎಂದರೆ ನವೆ, ದದ್ದುರ್ಲು ಎಂದರೆ ನಮ್ಮ ದದ್ದು; ಈ ಮೂರನ್ನು ಬೇರೆ ಬೇರೆ ಮಾಡಿ ಹೇಳಬಲ್ಲವಳಿಗೆ ಸರಿಯಾದ ಔಷಧ ಸಿಗುವ ಸಂಭವ ಹೆಚ್ಚು. ಮುಖದ ಕೂದಲಿಗೆ ತೆಲುಗು ಪತ್ರಿಕೆಗಳು ಬಳಸುವ ಮಾತು 'ಅವಾಂಛಿತ ರೋಮಾಲು'. ಕನ್ನಡ ಪತ್ರಿಕೆಗಳಲ್ಲಿ ಅದು 'ಬೇಡದ ಕೂದಲು'. ಎರಡೂ ಹೆಸರುಗಳು ತೀರ್ಪು ಕೊಟ್ಟೇ ಮಾತು ಶುರುಮಾಡುತ್ತವೆ. ಯಾರಿಗೆ ಬೇಡದ್ದು ಎಂದು ಕೇಳುವುದಿಲ್ಲ. ನಾವು ನಮ್ಮ ಹೆಣ್ಣುಮಕ್ಕಳ ಎದುರು ಅದನ್ನು ಸುಮ್ಮನೆ 'ಮುಖದ ಕೂದಲು' ಎಂದು ಕರೆಯೋಣ. ಹನ್ನೆರಡು ವರ್ಷದ ಮಗಳು ಕನ್ನಡಿಯ ಮುಂದೆ ನಿಂತು ಕೇಳಿದಾಗ "ನನಗೂ ಇದೆ ಕಣೇ, ಅಜ್ಜಿಗೂ ಇತ್ತು" ಎಂದರೆ, ಅವಳು ಮುಂದೆಂದೋ ಹೆಸರು ತಿಳಿಯದ ಟ್ಯೂಬಿಗೆ ಕೈಚಾಚುವ ಸಂಭವ ಕಡಿಮೆ.

ಪೆಂಡುರ್ತಿಗೆ ಹತ್ತಿರದ ಸಿಂಹಾಚಲದಲ್ಲಿ ವರಾಹ ಲಕ್ಷ್ಮೀನರಸಿಂಹ ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತಾನೆ. ಅಕ್ಷಯ ತದಿಗೆಯ ಒಂದು ದಿನ ಮಾತ್ರ ಲೇಪ ತೆಗೆದು ನಿಜರೂಪ ತೋರಿಸುತ್ತಾರೆ. ಅದನ್ನು ಕಾಣಲು ಜನ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ದೇವರ ಉಗ್ರತೆ ತಣಿಯಲೆಂದು ಆ ಗಂಧ. ನಾವು ಹಚ್ಚಿಕೊಳ್ಳುವುದು ಸುಡುವ ಲೇಪ, ಅದೂ ನೋಡುವವರು ತಣಿಯಲೆಂದು. ನಮ್ಮ ಗೆಳತಿ ಈಗ ಚರ್ಮವೈದ್ಯೆಯೊಬ್ಬರ ಬಳಿ ಹೋಗುತ್ತಿದ್ದಾರೆ. ನಮ್ಮಲ್ಲಿ ತೆಲುಗು ಚೆನ್ನಾಗಿ ಬಲ್ಲ ಒಬ್ಬರು ಪ್ರತಿ ಸಲವೂ ಜೊತೆಗಿರುತ್ತಾರೆ. ಕೆಂಪು ಇನ್ನೂ ಪೂರ್ತಿ ಇಳಿದಿಲ್ಲ. ಮೊನ್ನಿನ ಕೂಟಕ್ಕೆ ಅವರು ಸೆರಗು ಮುಚ್ಚಿಕೊಳ್ಳದೆ ಬಂದರು. ಅಂದು ಉಳಿದಿದ್ದ ಕಥೆಯನ್ನು ಅವರೇ ಓದಿದರು.